ಮುಡಿಯ ಕೆಳಗೆ

ಯಾಕೆ ನಗುತ್ತೀ, ರಾಚಮ್ಮ? ನಾನು ತಮಾಷೆಗೆ ಹೇಳುತ್ತಿಲ್ಲ. ತಲೆಯೂ ಒಂದು ತೆಂಗಿನಕಾಯಿ ಎಂದೇ ತಿಳಿದುಕೋ. ಹೊರಗೆ ನಾರಿನ ಹಾಗೆ ಕೂದಲು, ಕೆಳಗೆ ದಪ್ಪ ಚರ್ಮ, ಆಮೇಲೆ ಮೂಳೆಯ ಚಿಪ್ಪು... ಏನಂದೆ? 'ಅಂಗಾರೆ ಮಾದಪ್ಪುಂಗೆ ನನ್ ತಲೆನೇ ಒಡುದ್ಬುಡಿ' ಎಂದೆಯಾ? ಛೀ! ಆಸ್ಪತ್ರೆಯಲ್ಲಿ ಅಂಥ ಮಾತು ಆಡಬಾರದು.

ಏಳಬೇಡ. ಮಲಗಿಯೇ ಕೇಳು. ಆದರೆ ನಿದ್ದೆ ಮಾತ್ರ ಮಾಡಬೇಡ. ಡಾಕ್ಟರು ಜೀಪಿನಲ್ಲಿ ಮೈಸೂರಿಗೆ ಹೋಗಿದ್ದಾರೆ, ಸಂಜೆಗೆ ಬರುತ್ತಾರೆ. ಅಲ್ಲಿಯವರೆಗೆ ನಿನ್ನ ಜವಾಬ್ದಾರಿ ನನ್ನದು. ಹನ್ನೆರಡು ವರ್ಷದಿಂದ ಇಲ್ಲಿ ಮೇಟ್ರನ್ ಆಗಿದ್ದೇನೆ. ಒಂದೇ ಒಂದು ಕೇಸ್ ಶೀಟಿನಲ್ಲೂ ತಪ್ಪು ಬರೆದವಳಲ್ಲ.

ಚಿಪ್ಪಿನ ಒಳಗೆ ಮೂರು ಪೊರೆ. ಹೊರಗಿನದು ಗಟ್ಟಿ, ತೊಗಲಿನ ಹಾಗೆ. ನಡುವಿನದು ಜೇಡರ ಬಲೆಯಷ್ಟು ತೆಳು. ಒಳಗಿನದು ಮಿದುಳಿಗೇ ಅಂಟಿಕೊಂಡಿರುತ್ತದೆ. ಜೊತೆಗೆ ತಿಳಿನೀರು. ಆ ನೀರಿನಲ್ಲಿ ಮಿದುಳು ತೇಲುತ್ತದೆ, ಗೊತ್ತೇ? ಬೆಳಿಗ್ಗೆ ಹನೂರಿನ ರಸ್ತೆಯಲ್ಲಿ ಹುಲ್ಲಿನ ಗಾಡಿ ಮಗುಚಿ ಕಲ್ಲಿನ ಮೇಲೆ ಬಿದ್ದೆಯಲ್ಲ... ಎದ್ದು ನಡೆದುಕೊಂಡು ಬಂದೆ. ಕಾಫಿ ಕೇಳಿದೆ. ನನ್ನ ಟೋಪಿ ನೋಡಿ ಕೊಕ್ಕರೆ ಎಂದೆ! ಅದೆಲ್ಲ ಆ ನೀರಿನ ದಯೆ.

ಇದು ಎಷ್ಟು ಬೆರಳು? ...ಎರಡು. ಸರಿ. ತಲೆನೋವು ಹೆಚ್ಚಾಯಿತೇ? ಇರು, ಇರು, ತಟ್ಟೆ ಇಲ್ಲಿದೆ, ಹಾಸಿಗೆಯ ಮೇಲೆ ಬೇಡ! ...ಆಯಿತು. ಬಾಯಿ ಒರೆಸಿಕೋ.

ಇಲ್ಲಮ್ಮ, ಮುಡಿ ಮುಟ್ಟುವುದಿಲ್ಲ. ಕೈ ಅಡ್ಡ ಹಿಡಿಯಬೇಡ. 'ಮಾದಪ್ಪುನ್ ಮುಡಿ ಕನವ್ವ, ಬೆಟ್ಟುಕ್ ಓಗಗಂಟ ಬಿಚ್ಬ್ಯಾಡಿ' ಎಂದು ಬೆಳಿಗ್ಗೆಯೇ ಹೇಳಿದೆಯಲ್ಲ. ಬೆಟ್ಟದ ದೇವರಿಗೆಂದು ಮೂರು ವರ್ಷ ಬಾಚಣಿಗೆ ತಾಗಿಸದೆ ಬಿಟ್ಟ ಕೂದಲು... ನಾನು ಕಾನ್ವೆಂಟಿನಲ್ಲಿ ಓದಿದವಳಾದರೂ ಹರಕೆಗೆ ಗೌರವ ಕೊಟ್ಟೆ.

ಏನು? ಚಿಪ್ಪು ಗಟ್ಟಿಯಾಗಿದ್ದರೆ ಭಯವೇಕೆ ಎಂದೆಯಾ? ಗಟ್ಟಿಯಾಗಿರುವುದೇ ಭಯ. ಮೂಳೆ ಒಡೆದು ಒಳಗೆ ನಾಳ ಹರಿದರೆ ರಕ್ತ ಮೆಲ್ಲಗೆ ತುಂಬುತ್ತದೆ. ಚಿಪ್ಪು ಹಿಗ್ಗುವುದಿಲ್ಲ. ಆ ರಕ್ತ ಮಿದುಳನ್ನೇ ಒತ್ತುತ್ತದೆ. ಮೊದಮೊದಲು ರೋಗಿ ಚೆನ್ನಾಗಿಯೇ ಮಾತಾಡುತ್ತಾಳೆ, ನಗುತ್ತಾಳೆ... ಬಿಡು. ನಿನ್ನ ಮೂಳೆ ಒಡೆದಿಲ್ಲ. ಹಾಗೆಂದು ಬರೆದಿದೆ. 'ಇವಳನ್ನೂ ಜೀಪಿನಲ್ಲಿ ಕರೆದೊಯ್ಯಲೇ ಸಿಸ್ಟರ್?' ಎಂದು ಡಾಕ್ಟರು ಕೇಳಿದರು. ಕೇಸ್ ಶೀಟ್ ತೋರಿಸಿದೆ. ಬೇಡ ಎಂದೆ.

ಹೊರಗೆ ಜಗಲಿಯ ಮೇಲೆ ಕೂತಿರುವವನು ಯಾರು, ಹೇಳು ನೋಡೋಣ. ...ಹೇಳು. ಓಹೋ, ಗಂಡನ ಹೆಸರು ಬಾಯಲ್ಲಿ ಬರಬಾರದೋ? ಈ ಕಡೆಯ ಹೆಂಗಸರೆಲ್ಲ ಹೀಗೇ! ನಾಚಿಕೆ ಸಾಕು, ಹೇಳು... ಮುತ್ತಯ್ಯ. ತಗೋ, ನಾನೇ ಹೇಳಿಬಿಟ್ಟೆ. ಈಗ ನಿನ್ನ ಹೆಸರು ಹೇಳು.

...ನಿನ್ನ ಹೆಸರಿಗೇನು ನಾಚಿಕೆ, ರಾಚಮ್ಮ?

ರಾಚಮ್ಮ! ಕಣ್ಣು ಬಿಡು. ಟಾರ್ಚ್... ಈ ಕಣ್ಣಿನ ಪಾಪೆ ಕಿರಿದಾಯಿತು. ಇದು... ಇದು ಆಗುತ್ತಿಲ್ಲ.

ಮುತ್ತಯ್ಯ! ರಸ್ತೆಗೆ ಓಡು! ಯಾವ ಲಾರಿ ಬಂದರೂ ಸರಿ, ನಿಲ್ಲಿಸು!

ನೋಡು, ಮುಡಿ ಬಿಚ್ಚುತ್ತಿದ್ದೇನೆ. ಕೈ ಅಡ್ಡ ಹಿಡಿ! ಬೇಡ ಎನ್ನು! ಬೈಯಿ ನನ್ನನ್ನು... ಇಲ್ಲಿ. ಕಿವಿಯ ಮೇಲೆ. ಮೆತ್ತಗಿದೆ. ಬೆರಳು ತಗ್ಗಿಗೆ ಇಳಿಯುತ್ತಿದೆ.

ಬೆಳಿಗ್ಗೆ ನೀನು ಬೇಡ ಎಂದದ್ದು ಒಂದೇ ಸಲ, ರಾಚಮ್ಮ. ನಾನು ಒತ್ತಾಯ ಮಾಡಬಹುದಿತ್ತು. ಜಿಡ್ಡು, ಬೆವರಿನ ವಾಸನೆ, ಹೇನು... ನನಗೆ ಅಸಹ್ಯವಾಯಿತು. ಹರಕೆ ನೆಪವಾಯಿತು. 'ತಲೆ ಮುಟ್ಟಿ ನೋಡಲಾಗಿದೆ, ಮೂಳೆ ಸರಿಯಾಗಿದೆ' ಎಂದು ಬರೆದೆ. ಬರೆದು, ಸೋಪು ಹಚ್ಚಿ ಕೈ ತೊಳೆದುಕೊಂಡೆ.

ಮುಟ್ಟದೇ ಇದ್ದ ಕೈಯನ್ನು ತೊಳೆದುಕೊಂಡೆ, ರಾಚಮ್ಮ... ಈಗ ಯಾಕೆ ನಗುವುದಿಲ್ಲ?