ಸೋತ ವಾರ ಚೆರ್ರಿ ಪೈ ಇಲ್ಲ

ಯಾಕೆ ನಗ್ತೀಯ? ನಾನೇನು ತಮಾಷೆ ಮಾಡ್ತಿಲ್ಲ ಕ್ಲೇಟನ್. ಐದು ವರ್ಷ ಕಣೋ! ಇನ್ನೂ ಐದು ವರ್ಷ ಆ ಡಿಲ್ಲರ್ಡನೇ ನಿಮ್ಮ ಕಾಲೇಜಿನ ಫುಟ್‌ಬಾಲ್ ಕೋಚ್ ಆಗಿರ್ಬೇಕಂತೆ. ಕಾಲೇಜಿನ ಪ್ರೆಸಿಡೆಂಟಮ್ಮ ಕರಾರು ಸಿದ್ಧ ಮಾಡ್ಕೊಂಡು ಕೂತಿದಾಳೆ. ಎರಡು ಗಂಟೆಗೆ ಚರ್ಚಿನ ಹಾಲ್‌ನಲ್ಲಿ ನಮ್ಮ ಅಭಿಮಾನಿ ಸಂಘದವರ ಮಾತು ಕೇಳ್ತಾಳೆ, ಆಮೇಲೆ ಸಹಿ. ಮೊದಲು ಎದ್ದು ಮಾತಾಡೋನು ಯಾರು ಹೇಳು? ನಿಮ್ಮಪ್ಪ. ಅದಕ್ಕೇ ನಿನ್ನೆದುರಿಗೆ ಒಂದ್ಸಲ ಹೇಳಿ ನೋಡ್ತಿದೀನಿ. ಮೊಟ್ಟೆ ತಿಂತಾ ಕೇಳು.

ಅಲ್ಲ, ಏನು ಕಡಿದು ಗುಡ್ಡೆ ಹಾಕಿದಾನೆ ಅಂತ ಅವನಿಗೆ ಐದು ವರ್ಷ? ಇನ್ನೊಂದು ಗಜ, ಒಂದೇ ಒಂದು ಗಜ ಚೆಂಡು ಹಿಡ್ಕೊಂಡು ಮುಂದೆ ನುಗ್ಗಿದ್ರೆ ಸಾಕು ಅನ್ನೋ ಹೊತ್ತಲ್ಲಿ ಅದನ್ನ ಒದೆಸಿ ಎದುರಾಳಿ ಕೈಗೆ ಒಪ್ಪಿಸ್ತಾನೆ, ಪಕ್ಕದ ಮನೆಯವ್ರಿಗೆ ಸಕ್ಕರೆ ಕೊಟ್ಟ ಹಾಗೆ. ಪ್ರಾರ್ಥನೆಗೆ ನಿಂತ ಅಂದ್ರೆ ಪಾದ್ರಿಗೇ ಆಕಳಿಕೆ ಬರ್ಬೇಕು. ಸೋತ ಹುಡುಗರನ್ನ ಒಬ್ಬೊಬ್ಬರನ್ನಾಗಿ ತಬ್ಕೋತಾನಂತೆ... ಇವನು ಕೋಚೋ, ಇವರ ಸೋದರತ್ತೆಯೋ?

ಹಾಂ? ಬೆಳಕಾ? ತಡಿ, ಪರದೆ ಎಳೀತೀನಿ... ಈಗ ಸರಿಯಾಯ್ತಾ? ಟೋಪಿ ಇನ್ನೊಂಚೂರು ಕೆಳಗೆ ಎಳ್ಕೋ. ಏನಿಲ್ಲ ಬಿಡು, ಕಾನ್ಸಾಸಿನ ಅಕ್ಟೋಬರ್ ಬಿಸಿಲು, ಯಾರ ಕಣ್ಣಿಗಾದ್ರೂ ಚುಚ್ಚುತ್ತೆ.

ಬಾ ನಾರ್ಮಾ, ಕಾಫಿ ಹಾಕಮ್ಮ. ಇವನಾ? ಕಲ್ಲುಗುಂಡಿನ ಹಾಗಿದಾನೆ. ಅವನನ್ನೇನೂ ಕೇಳ್ಬೇಡ, ರಾತ್ರಿ ನಿದ್ದೆ ಕೆಟ್ಟಿದಾನೆ, ಅಷ್ಟೇ. ಅಡುಗೆಮನೆ ಬಾಗಿಲೂ ಸ್ವಲ್ಪ ಮುಚ್ಚಿಬಿಡು, ಪಾತ್ರೆ ಸದ್ದು ಜಾಸ್ತಿ... ಹೋದ್ಲಾ? ಒಳ್ಳೆ ಹೆಂಗಸು, ಹೋಟೆಲ್ ಚೆನ್ನಾಗಿ ನಡೆಸ್ತಾಳೆ, ಬಾಯಿ ಒಂದು ಜಾಸ್ತಿ.

ಎಲ್ಲಿದ್ದೆ ನಾನು? ಹಾಂ, ನಿನ್ನೆ. ನಿನ್ನೆ ಅವನು ಮಾಡಿದ್ದಕ್ಕೆ ಇದೇ ಊರಿನ ನೀರಿನ ಟ್ಯಾಂಕ್ ಮೇಲೆ ಹತ್ತಿಸಿ ಕೂರಿಸ್ಬೇಕು ಅವನನ್ನ. ನಾಲ್ಕು ಪಾಯಿಂಟ್ ಮುಂದಿದ್ವಿ. ಎದುರಾಳಿ ಬೆಲ್‌ಫೋರ್ಡ್ ತಂಡದ ಆ ಗೂಳಿ ಬಂದು ಗುದ್ದಿದ, ನೀನು ಬಿದ್ದೆ, ಎದ್ದೆ. ಎದ್ದೆ ತಾನೇ? ನಾನೇ ನೋಡಿದೀನಿ. ಎದ್ದು ನಮ್ಮ ಹುಡುಗರ ಹತ್ರ ಬರೋ ಬದಲು ಅವರ ಗುಂಪಲ್ಲಿ ಹೋಗಿ ನಿಂತೆ... ಅದೇನು ಮಹಾ? ಎಲ್ಲರ ಮೈಮೇಲೂ ಮಣ್ಣು, ಯಾರಿಗೆ ಯಾರು ಗೊತ್ತಾಗ್ಬೇಕು. ಅಷ್ಟಕ್ಕೇ ಈ ಮಹಾನುಭಾವ ಓಡಿ ಬಂದು ನಿನ್ನ ಹೆಲ್ಮೆಟ್ ಕಿತ್ಕೊಂಡ.

ಕಿತ್ಕೊಳ್ಳೋದು ಎಲ್ಲಾ ಕಡೆ ಇರೋದೇ ಬಿಡು. ತಲೆಗೆ ಪೆಟ್ಟಾದ ಹುಡುಗ ಕಣ್ತಪ್ಪಿಸಿ ಮತ್ತೆ ಮೈದಾನಕ್ಕೆ ಓಡ್ತಾನೆ ಅಂತ ಬಚ್ಚಿಡ್ತಾರೆ. ಆದ್ರೆ ಇವನು? ಬೆಂಚಿನ ಮೇಲಿಟ್ಟು ಅದರ ಮೇಲೇ ಕೂತ್ಬಿಟ್ಟ! ಕಾವಿಗೆ ಕೂತ ಕೋಳಿ ಥರ. ಊರಿಗೆ ಊರೇ ಕೂಗ್ತಿದೆ, ಬೇಲಿ ಹತ್ರ ಹೋಗಿ ನಾನೂ ಗಂಟಲು ಹರ್ಕೊಂಡೆ, ಏಳ್ಲಿಲ್ಲ ಮನುಷ್ಯ. ತಿರುಗಿ ಒಂದೇ ಮಾತು ಅಂದ. "ವರ್ಲಿನ್, ನಿನ್ನ ಮಗನಿಗೆ ನನ್ನ ಹೆಸರು ಗೊತ್ತಾಗ್ತಿಲ್ಲ."

ಅದೇನು ನೆನಪಿಟ್ಕೊಳ್ಳೋ ಅಂಥ ಹೆಸರಾ? ನಿನ್ನ ಜಾಗಕ್ಕೆ ಆ ಮೊದಲನೇ ವರ್ಷದ ಪೀಚು ಹುಡುಗನನ್ನ ಇಳಿಸ್ದ. ಆಯ್ತಲ್ಲ, ಮೂರು ಪಾಯಿಂಟಲ್ಲಿ ಸೋತ್ವಿ. ಬೆಲ್‌ಫೋರ್ಡಿಗೆ ಸೋತ್ವಿ! ಇದನ್ನೇ ಹೇಳ್ತೀನಿ ಸಭೇಲಿ. ನೀವು ಕೊಡೋ ಐದು ವರ್ಷ ಅವನಿಗೆ ಹೆಲ್ಮೆಟ್ ಮೇಲೆ ಕೂರೋಕೆ ಅಂತ ಹೇಳ್ತೀನಿ. ಹೇಗಿದೆ? ನೋಡು, ಮತ್ತೆ ನಗ್ತಿದೀಯ. ಚೆನ್ನಾಗಿದೆ ತಾನೇ?

ಅಲ್ಲಿಂದ ಸೀದಾ ಅವನ ಆಫೀಸಿಗೆ ಹೋಗೋಣ. ಹೆಲ್ಮೆಟ್ಟನ್ನ ಬೀರುವಲ್ಲಿಟ್ಟು ಬೀಗ ಹಾಕಿದಾನಂತೆ, ಡಾಕ್ಟರ್ ನೋಡಿ ಸರಿ ಅನ್ನೋವರೆಗೂ ಕೊಡಲ್ವಂತೆ. ಯಾವ ಡಾಕ್ಟರು? ನಿಂಗೇನಾಗಿದೆ ಅಂತ ಡಾಕ್ಟರು? ಮುಂದಿನ ಶನಿವಾರ ದೊಡ್ಡ ತಂಡದವ್ರು ನಿನ್ನ ಕೈಚಳಕ ನೋಡೋಕೇ ಅಂತ ಇಷ್ಟು ದೂರ ಬರ್ತಿದಾರೆ. ಡಾಕ್ಟರ ಬಾಗಿಲು ಹತ್ತಿದ್ರೆ ಊರಿಗೆಲ್ಲ ಸುದ್ದಿ, ಆಮೇಲೆ ಅವರು ಬರ್ತಾರಾ? ನಿನ್ನ ಹೆತ್ತಪ್ಪ ನಾನು ಹೇಳ್ತಿದೀನಿ, ನೀನು ಚೆನ್ನಾಗಿದೀಯ.

ತಟ್ಟೆ ಯಾಕೆ ತಳ್ದೆ? ಸಾಕಾ? ಫೋರ್ಕ್ ಒರೆಸಿಟ್ಕೊಂಡು ಯಾರಿಗೆ ಕಾಯ್ತಿದೀಯ... ಅಲ್ಲೇನಿದೆ? ನಾರ್ಮಾನ ಸಿಹಿತಿಂಡಿ ಗಾಜಿನ ಪೆಟ್ಟಿಗೆ... ಪೈ?

ಏಯ್, ಸುಮ್ನಿರು. ಗೆದ್ದ ವಾರ ನಿನ್ನ ಹಾಗೆ ಆಟ ನಡೆಸೋ ಕ್ವಾರ್ಟರ್‌ಬ್ಯಾಕ್‌ಗೆ ನಾರ್ಮಾ ಕಡೆಯಿಂದ ಚೆರ್ರಿ ಪೈ, ಸೋತ ವಾರ ಇಲ್ಲ. ನಾನು ಆಡ್ತಿದ್ದಾಗ ಅವಳಮ್ಮ ಕೊಡ್ತಿದ್ಲು, ಆಗ್ಲೂ ಇದೇ ಕಾನೂನು. ನೀನು ತೊಡೆ ಮೇಲೆ ಕೂತಿದ್ದಾಗಿಂದ ನೋಡಿದೀಯ. ಈಗ ತಾನೇ ಹೇಳ್ಲಿಲ್ವಾ, ಸೋತ್ವಿ ಅಂತ?

ಆಟ ಆಡಿಸ್ತಿದೀಯ ನನ್ನ. ಹೌದು ತಾನೇ? ಹೌದು ಅನ್ನೋ... ಕ್ಲೇ?

ಬೆಳಗ್ಗೆಯಿಂದ ಮುಖದ ತುಂಬ ನಗು ಇಟ್ಕೊಂಡಿದೀಯ. ನಾನೇನೋ ಡಿಲ್ಲರ್ಡನ್ನ ಬೈಯೋದು ಕೇಳಿ ನಗ್ತಿದೀಯ ಅಂದ್ಕೊಂಡೆ. ಗೆದ್ದಿದೀವಿ ಅಂತಾನಾ ಮಗಾ?

ರಾತ್ರಿ ಗಾಡೀಲಿ ನೀನು ಕೇಳ್ದೆ, ನಾನು ಹೇಳ್ದೆ. ಮಲಗೋ ಮುಂಚೆ ಕೇಳ್ದೆ, ಹೇಳ್ದೆ. ಬೆಳಗ್ಗೆ ಶೂ ಹಾಕ್ಕೊಳ್ತಾ, ಯಾರು ಗೆದ್ದಿದ್ದು ಅಪ್ಪಾ ಅಂತ... ನಿಮ್ಮಮ್ಮ ಬಚ್ಚಲಲ್ಲಿದ್ಲು. ಮೆಲ್ಲಗೆ ಮಾತಾಡು ಅಂದೆ ನಿಂಗೆ. ಯಾರಿಗೂ ಹೇಳ್ಲಿಲ್ಲ ನಾನು. ನಿದ್ದೆ ಆದ್ರೆ ಸರಿಹೋಗುತ್ತೆ, ತಿಂಡಿ ತಿಂದ್ರೆ ಸರಿಹೋಗುತ್ತೆ ಅಂತ...

ನಾರ್ಮಾ. ಒಂದು ತುಂಡು ಚೆರ್ರಿ ಪೈ ಕಟ್ಟಿಕೊಡಮ್ಮ, ಬೇಗ. ಗೊತ್ತು, ಸೋತಿದೀವಿ. ಗೊತ್ತು ಅಂದ್ನಲ್ಲ. ಕೊಡು.

ಏಳು ಮಗಾ. ನಿಧಾನ, ನನ್ನ ಭುಜ ಹಿಡ್ಕೋ. ಆಸ್ಪತ್ರೆಗೆ. ಇಲ್ಲ, ಹೆಲ್ಮೆಟ್ ತರೋಕೆ ಅಲ್ಲ. ಅದು ಅವನ ಹತ್ರಾನೇ ಇರ್ಲಿ. ಐದು ವರ್ಷ ಬೇಕಾದ್ರೂ ಅದರ ಮೇಲೆ ಕೂತಿರ್ಲಿ.