ಸಾಹುಕಾರನ ಮುಂದಿಟ್ಟ ಬದನೆಕಾಯಿ

ನೋಡುವುದು ಎಂದರೆ ಏನು? ನಮಗೆಲ್ಲ ಕಣ್ಣಿದೆ, ನಾವೆಲ್ಲ ನೋಡುತ್ತಲೇ ಇದ್ದೇವೆ ಅಂತೀರಿ. ಹಾಗಾದರೆ ಇದೊಂದು ಮಾತು ಕೇಳಿ.

ಒಂದು ಊರಿನಲ್ಲಿ ಒಬ್ಬ ಸಾಹುಕಾರನಿದ್ದ. ಮನೆಯಲ್ಲಿ ಯಾವುದಕ್ಕೂ ಕೊರತೆಯಿಲ್ಲ. ಆದರೆ ಕಣ್ಣು ದಿನದಿನಕ್ಕೆ ಮಂಜಾಗುತ್ತಿತ್ತು. ಬೇಸಿಗೆ ಮುಗಿಯುವುದರೊಳಗೆ ಪೂರ್ತಿ ಹೋಗುತ್ತದೆ ಎಂದು ವೈದ್ಯರು ಕೈಚೆಲ್ಲಿದರು. ಸಾಹುಕಾರ ನಡುಗಿಹೋದ. ಕತ್ತಲಾದ ಮೇಲೆ ನೆನೆಯಲು ಒಂದಾದರೂ ಚೆಂದದ ಚಿತ್ರ ಕಣ್ಣಲ್ಲಿ ಉಳಿಯಲಿ ಎಂದು ಚಿತ್ರಕಾರನೊಬ್ಬನನ್ನು ಕರೆಸಿದ.

ಚಿತ್ರಕಾರ ಏನು ಬರೆದ? ಅರಮನೆಯೇ? ಅಲ್ಲ. ಬೆಟ್ಟವೇ, ಸಮುದ್ರವೇ? ಅದೂ ಅಲ್ಲ. ಅಡುಗೆಮನೆಯಿಂದ ಒಂದು ತಾಮ್ರದ ತಂಬಿಗೆ, ಒಂದು ಬದನೆಕಾಯಿ, ಎರಡು ವೀಳ್ಯದೆಲೆ ತರಿಸಿ ಕಿಟಕಿಯ ಪಕ್ಕದ ಮೇಜಿನ ಮೇಲಿಟ್ಟ.

"ಏನಪಾ, ನನ್ನ ಕಣ್ಣು ಹೋಗಾಕತ್ತಾವ, ನೀ ನೋಡಿದ್ರ ಬದ್ನಿಕಾಯಿ ತೋರಸ್ತೀ?" ಎಂದು ಸಾಹುಕಾರ ರೇಗಿದ.

"ಸಾವ್ಕಾರ್ರ, ಈ ಕಾಯಿ ಒಮ್ಮಿಯಾದ್ರೂ ನೋಡೀರೇನ್ರಿ? ತಿಂದದ್ದು ಕೇಳಲಿಲ್ಲ ನಾ. ನಾ ಬರಿಯೂತನಕ ಬಾಜೂಕ ಕುಂತು ಬರೇ ನೋಡ್ರಿ" ಎಂದ ಚಿತ್ರಕಾರ.

ಸಾಹುಕಾರ ಗೊಣಗುತ್ತಲೇ ಕುಳಿತ. ಮೊದಲು ಆಕಳಿಕೆ ಬಂತು. ಆಮೇಲೆ, ಅಬ್ಬಬ್ಬಾ! ಆ ನೇರಳೆ ಮೈಮೇಲೆ ಇಡೀ ಕಿಟಕಿ ಪುಟ್ಟದಾಗಿ ಹೊಳೆಯುತ್ತಿತ್ತು. ಹೊತ್ತು ಏರಿದಂತೆ ಆ ಬೆಳಕು ಮೆಲ್ಲಗೆ ಸರಿಯುತ್ತಿತ್ತು. ತಂಬಿಗೆಯ ಕೆಂಪು ಬಣ್ಣ ಎಲೆಯ ಹಸಿರಿಗೆ ಅಂಟಿಕೊಂಡಿತ್ತು. "ಇದೆಲ್ಲಾ ದಿನಾ ನನ್ನ ಮನ್ಯಾಗ ಇತ್ತೇನು?" ಎಂದ. ಅವನಿಗೆ ತಿಳಿಯದಂತೆಯೇ ಕೈ ಜೋಡಿಸಿದ್ದ, ನೋಡಿ! ಒಂದು ಬದನೆಕಾಯಿಗೆ!

ಮರುದಿನ ಬಂದು ಕುಳಿತವನೇ ಕೂಗಿದ: "ಎಲಿ ಬದಲ್ ಮಾಡಿದವ್ರು ಯಾರು? ನಿನ್ನಿ ಎಲಿ ತುದಿ ಸಣ್ಣಗ ಹರದಿತ್ತು!"

ಹೆಂಡತಿ ಓಡಿ ಬಂದಳು. "ನಾನ ರೀ. ಬಾಡಿದೆಲಿ ಬಂದವ್ರ ಮುಂದ ಹೆಂಗ ಇಡೂದು ಅಂತ ತಾಜಾ ಎಲಿ ಇಟ್ಟೆ" ಎಂದಳು. ಹಿತ್ತಲಲ್ಲಿ ಎಸೆದಿದ್ದ ಹಳೆಯ ಎಲೆಗಳನ್ನು ಹುಡುಕಿ ತಂದು ಮೇಜಿನ ಮೇಲಿಟ್ಟಳು. ಪಾಪ, ಆ ತಾಯಿ ಮಾಡಿದ್ದು ಮನೆಗೆ ಬಂದವರ ಮರ್ಯಾದೆಯನ್ನೇ ಅಲ್ಲವೇ?

ಎಲೆ ನೋಡಲು ಬಗ್ಗಿದ ಸಾಹುಕಾರನಿಗೆ ಅವಳ ಕೈ ಕಂಡಿತು. ಮಣಿಕಟ್ಟಿನಿಂದ ಮೊಣಕೈವರೆಗೆ ಸುಟ್ಟ ಕಲೆ.

"ಇದು ಯಾವಾಗ ಆತು?"

"ಮಗಳನ್ನ ತೊಟ್ಟಲದಾಗ ಹಾಕಿದ ದಿನ ರೀ. ಕಡಬು ಕರಿಯೂವಾಗ ಎಣ್ಣಿ ಬಿತ್ತು. ಈಗ ಆಕಿಗೇ ಮಕ್ಕಳಾಗ್ಯಾವ."

ಸಾಹುಕಾರ ಗಳಗಳನೆ ಅತ್ತ. "ಇಲ್ಲೇ ಕುಂದ್ರು, ಬೆಳಕಿಗೆ ಮಾರಿ ಮಾಡು, ನಿನ್ನ ನೋಡಬೇಕು ನಾ" ಎಂದ. ಕಣ್ಣು ಪೂರ್ತಿ ಹೋಗುವವರೆಗೆ ಅವಳನ್ನೇ ನೋಡಿದ. ಚಿತ್ರ ಮುಗಿಯಿತೇ ಎಂದು ಕೇಳಲೇ ಇಲ್ಲ.

ನಿಮ್ಮ ಕಣ್ಣು ಚೆನ್ನಾಗಿದೆಯಲ್ಲ? ಮತ್ತೆ ಯಾವ ವೈದ್ಯರು ಹೇಳಲಿ ಎಂದು ಕಾಯುತ್ತಿದ್ದೀರಿ? ಇವತ್ತು ಊಟಕ್ಕೆ ಕುಳಿತಾಗ ಆ ಮೊಬೈಲನ್ನು ಬದಿಗಿಡಿ. ರೊಟ್ಟಿ ಮುರಿಯುವ ಮೊದಲು ಅದನ್ನು ನೋಡಿ, ಅದರ ಮೇಲಿನ ಕರಿ ಚುಕ್ಕೆ ನೋಡಿ. ಬಡಿಸುವ ಕೈಯನ್ನು ನೋಡಿ. ತಲೆಯೆತ್ತಿ ಮುಖವನ್ನು ನೋಡಿ. "ಯಾಕ್ರೀ ಇವತ್ತು ಹಿಂಗ ನೋಡ್ತೀರಿ?" ಎಂದು ಅವರು ಗಾಬರಿಯಾದರೆ, ಇಷ್ಟು ವರ್ಷ ನೀವು ನೋಡಿಯೇ ಇರಲಿಲ್ಲ ಎಂದು ತಿಳಿಯಿರಿ.