ಸುಮ್ಮನೆ ಮಲಗಿಸಿ ತೆಗೆದ ಸ್ಕ್ಯಾನು

ಅಲ್ಲ ಪುಟ್ಟಸ್ವಾಮಿ ಭಾವ, ತಮ್ಮನ ಮೂಗಿನ್ ಪೈಪು ತೆಗುದ್ಬುಡು ಅಂತ ಎಷ್ಟ್ ಸಲೀಸಾಗಿ ಅಂದ್ಬುಟ್ರಿ! ಗಂಜಿ ಇಳೀದಿದ್ರೆ ತಾನಾಗೇ ಓಯ್ತಾನೆ ಅಂತ... ಅದೂ ಅವ್ರ ಮಂಚದ್ ಮೇಲೇ ಕೂತ್ಕಂಡು!

ಯಾಕೆ, ಕಾಫಿ ಸೇರ್ನಿಲ್ವಾ? ಕುಡೀರಿ. ನರಸೀಪುರದಿಂದ ನಂಜನಗೂಡ್‌ವರ್ಗೂ ಬಸ್ಸಲ್ ನಿಂತ್ಕಂಡೇ ಬಂದಿದ್ದೀರಿ.

ನಾನೇನ್ ಜಗಳ ಆಡ್ತಿಲ್ಲ ಕಣ್ರೀ. ಬಿಳಿಗೆರೆ ತಿರುವಲ್ಲಿ ಕಬ್ಬಿನ್ ಲಾರಿ ಇವ್ರ ಬೈಕ್‌ಗೆ ಗುದ್ದಿ ವರ್ಷದ್ ಮೇಲಾಯ್ತು. ಕಣ್ ಬಿಡ್ತಾರೆ, ಮುಚ್ತಾರೆ, ಅಷ್ಟೇಯ. ನೀವ್ ಬಂದಾಗೆಲ್ಲ ಅದೇ ಮಾತು. ಮರದ್ ಕೊರಡು ಇದು ಪವಿತ್ರಾ, ಎಷ್ಟ್ ದಿನ ಅಂತ ಉಜ್ತೀಯ?... ಅಂದಿಲ್ವಾ? ತಲೆ ಆಡಿಸ್ಬೇಡಿ, ಅಂದ್ರಿ! ನಿಮ್ಮಿಬ್ರ ಗೊಬ್ಬರದ್ ಅಂಗಡಿ ಬೋರ್ಡಿಂದ ‘ಮಧುಕುಮಾರ್’ ಅನ್ನೋ ಇವ್ರ ಎಸ್ರು ಅಳಿಸಿದ್ದೂ ಅವ್ರ ಕಿವಿ ಪಕ್ಕದಲ್ಲೇ ಯೇಳಿದ್ರಿ. ನಾನೇ ಕೆದಕಿ ಕೆದಕಿ ಯೇಳಿಸ್ದೆ ಅಂತೀರಾ? ಊಂ, ಕೆದಕ್ದೆ.

ಇವ್ರಿಗೆ ಅಣ್ಣ ಅಂದ್ರೆ ದೇವ್ರು. ನಿಮ್ಮಣ್ಣಂಗೆ ನಿಮಗಿಂತ ಅಂಗಡಿ ಎಚ್ಚು ಅಂತ ಒಂದ್ಸಲ ಅಂದಿದ್ಕೆ ತಟ್ಟೆ ಎಸ್ದು ಎದ್ದೋದ್ರು.

ಸ್ಕ್ಯಾನಾ? ಯೇಳಿದ್ನಲ್ಲ, ಬೆಂಗ್ಳೂರಲ್ಲಿ ಮಾಡಿಸ್ದೆ, ಏನೂ ಇಲ್ಲ ಅಂದ್ರು. ಒಸಾ ತರ ಸ್ಕ್ಯಾನು ಅದು. ಕೈ ಎತ್ತು ಅನ್ನಲ್ಲ, ನಿನ್ ಎಸ್ರೇನು ಅಂತ ಕೇಳಲ್ಲ, ಸುಮ್ನೆ ಮಲಗ್ಸಿ ತಗೀತಾರೆ. ಅರಿವಿರೋರ್ಗೆ ಸುಮ್ನಿದ್ರೂ ಮಿದುಳಿನ್ ಒಂದ್ ಕಡೆ ಇನ್ನೊಂದ್ ಕಡೆ ಜೊತೆ ಮಾತಾಡ್ತಾನೇ ಇರ್ತದಂತೆ. ಇವ್ರದು... ಇವ್ರದು ಏನೂ ಇಲ್ಲ.

ಅಯ್ಯೋ, ಅವ್ರ ಕೈ ಮೇಲ್ ಕೂತ್ರಿ ನೋಡಿ! ಸರೀರಿ! ಬೇಜಾರ್ ಮಾಡ್ಕತಾರೆ ಪಾಪ, ಬಾಯ್ ಬಿಟ್ ಯೇಳಾಕೂ ಆಗ್ದೆ...

ಯಾಕ್ ಇಂಗ್ ನೋಡ್ತೀರಿ?

ಬಾಯ್ ತಪ್ಪಿ ಬಂತು. ಅಂಗ್ ನೋಡ್ಬೇಡಿ ಭಾವ!

ಊಂ. ಮಾತಾಡ್ತಾ ಅದೆ, ಮಿದುಳು. ಒಳಗೆ ಅವ್ರೆ, ಎಲ್ಲಾ ಕೇಳಿಸ್ಕತಿರ್ಬೌದು, ಒಳ್ಳೇದೇ ಮಾತಾಡಿ ಅಂದ್ರು ಡಾಕ್ಟ್ರು. ಯುಗಾದಿಗ್ ಮುಂಚೇನೆ. ಯಾರ್ಗೂ ಯೇಳ್ನಿಲ್ಲ ನಾನು. ಕೇಳ್ಲಿ ಅಂದೆ! ಅಣ್ಣನ್ ಬಾಯಿಂದ್ಲೇ ಕೇಳ್ಲಿ! ನಾನ್ ಯೇಳಿದ್ರೆ ನಂಬ್ತಿದ್ರಾ?

ಬಯ್ರಿ ನನ್ನ... ನೀವ್ ಗೊತ್ತಿಲ್ದೆ ಅಂದ್ರಿ. ನಾನ್ ಗೊತ್ತಿದ್ದೂ... ಎದ್ದು ಓಗಾಕಾಗ್ದೋರ್ ಮುಂದೆ...

ಬಾಗ್ಲ್ ಕಡೆ ಓಗ್ಬೇಡಿ ಭಾವ! ಅವ್ರ್ ಕಡೆ ತಿರುಗಿ. ಏನಾರ ಒಂದ್ ಒಳ್ಳೇ ಮಾತಾಡಿ. ಸುಳ್ಳಾದ್ರೂ ಸರಿ... ನೀವಂದ್ರೆ ನಂಬ್ತಾರೆ.